ಕೋಲಾರ ಸೀಮೆಯ ಔಷಧದ ಅಂಗಡಿಗಳು: ಎರಡು ಮಹಾಮಾರಿಗಳ ನಡುವೆ

ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ವೈದ್ಯ ಸಂಗಣ್ಣನೆಂಬ ಶರಣನಿದ್ದುದನ್ನು ನೀವು ಬಲ್ಲಿರಿ. ರೋಗಿಗೆ ಮದ್ದು ಕೊಡುವುದೇ ಆತನ ಕಾಯಕ. ಮದ್ದು ಕೊಡುವುದು ಕಾಯಕವಾದ ಮೇಲೆ ಅದರ ಇತಿಹಾಸವನ್ನೂ ರಾಜರ ಇತಿಹಾಸದಷ್ಟೇ ಆಸ್ಥೆಯಿಂದ ನೋಡಬೇಕಲ್ಲವೇ?

1918ರ ಜೂನಿನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ ರೈಲುಮಾರ್ಗಗಳನ್ನು ಹಿಡಿದು ದೇಶವನ್ನೆಲ್ಲ ವ್ಯಾಪಿಸಿ, ಕೋಟಿಗೂ ಮೀರಿ ಜನರನ್ನು ಬಲಿ ತೆಗೆದುಕೊಂಡಿತು. ಮದರಾಸು ರೈಲುಮಾರ್ಗ ಮಾಲೂರನ್ನು ಹಾದು ಬೆಂಗಳೂರಿಗೆ ಬಂದು ಆಗಲೇ ಅರ್ಧ ಶತಮಾನವಾಗಿತ್ತು. ಕೋಲಾರಕ್ಕೆ 1913ರಲ್ಲಿ ಬೌರಿಂಗ್‌ಪೇಟೆಯಿಂದ ಸಣ್ಣ ರೈಲು ಬಂದಿತ್ತು. (ಮುಳಬಾಗಿಲು ಇಂದಿಗೂ ರೈಲು ಕಾಣದ ಊರು.) ಬೆಂಗಳೂರಿನಲ್ಲಿ ತೈಮಾಲ್ ದ್ರಾವಣವನ್ನೂ ಗಂಜಿಯನ್ನೂ ಹಂಚಿದರು, ತಾತ್ಕಾಲಿಕ ಔಷಧಾಲಯಗಳನ್ನು ತೆರೆದರು. ಆ ಕಾಲಕ್ಕೆ ಹಳ್ಳಿಯವನ ಪಾಲಿಗೆ ಔಷಧವೆಂದರೆ ಗ್ರಂಧಿಗೆ ಅಂಗಡಿಯ ಬೇರುನಾರು. ಇಲ್ಲವೇ ದೂರದ ಸರ್ಕಾರಿ ಔಷಧಾಲಯದಲ್ಲಿ ಕಾಂಪೌಂಡರು ಕಲಸಿ ಸೀಸೆಗೆ ತುಂಬುತ್ತಿದ್ದ ಮಿಕ್ಸ್ಚರು. ಇಂತಹವನೇ ಔಷಧ ಮಾರಬೇಕೆಂಬ ಕಟ್ಟಳೆಯಿರಲಿಲ್ಲ.

ಇಲ್ಲೊಂದು ಸಂಗತಿಯನ್ನು ಗಮನಿಸಿರಿ. ಅದೇ ವರ್ಷ ಪಾಶ್ಚಾತ್ಯ ದೇಶಗಳಲ್ಲಿ ಜ್ವರಪೀಡಿತರಿಗೆ ದಿನಕ್ಕೆ ಎಂಟು ಗ್ರಾಮಿಗೂ ಮೇಲ್ಪಟ್ಟು ಆಸ್ಪಿರಿನ್ ಕೊಡುತ್ತಿದ್ದರು. ಅಲ್ಲಿನ ಕೆಲವು ಸಾವುಗಳಿಗೆ ಜ್ವರದೊಡನೆ ಆ ಮದ್ದೂ ಕಾರಣವಾಗಿರಬಹುದೆಂಬ ವಾದವು 2009ರಲ್ಲಿ ಪ್ರಕಟವಾಯಿತು. ಮದ್ದು ಮಿತಿ ಮೀರಿದರೆ ವಿಷ ಎಂದು ನಮ್ಮ ಹಿರಿಯರೂ ಬಲ್ಲರು. ಆದರೆ ಮಿತಿಯನ್ನು ಹೇಳುವವನೊಬ್ಬನು ಬೇಕು. ಆತನಿಗೆ ಶಾಸನದ ಬಲ ಒದಗಿದ್ದು 1940ರ ಔಷಧ ಕಾಯಿದೆ ಮತ್ತು 1948ರ ಫಾರ್ಮಸಿ ಕಾಯಿದೆಗಳಿಂದ.

ಇನ್ನು 2020ಕ್ಕೆ ಬರೋಣ. ಮಾರ್ಚ್ 25ರಿಂದ ದೇಶದಲ್ಲೆಲ್ಲ ಲಾಕ್‌ಡೌನ್ ಜಾರಿಯಾದರೂ ಔಷಧದ ಅಂಗಡಿಯ ಬಾಗಿಲು ತೆರೆದೇ ಇತ್ತು. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಗೆ ಜನ ಮುಗಿಬಿದ್ದರು. ಕೀಲುವಾತಕ್ಕೆ ಅದನ್ನೇ ನಿತ್ಯ ನುಂಗುತ್ತಿದ್ದವರಿಗೆ ಎಲ್ಲಿ ಸಿಗದೇ ಹೋದೀತೋ ಎಂಬ ಭಯ. ಮಾರ್ಚ್ 26ರಂದು ಕೇಂದ್ರ ಸರ್ಕಾರವು ಅದರ ಮಾರಾಟವನ್ನು ಎಚ್-1 ಅನುಸೂಚಿಯ ನಿಯಮಕ್ಕೆ ಒಳಪಡಿಸಿತು: ವೈದ್ಯರ ಚೀಟಿ ಇಲ್ಲದೆ ಕೊಡುವಂತಿಲ್ಲ, ಕೊಟ್ಟುದನ್ನು ಪುಸ್ತಕದಲ್ಲಿ ಬರೆದಿಡಬೇಕು. ಅದೇ ದಿನ ಚಿಲ್ಲರೆ ಅಂಗಡಿಯವರು ಔಷಧವನ್ನು ಮನೆಗೆ ತಲುಪಿಸಲು ಅನುಮತಿಯೂ ದೊರೆಯಿತು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ವೃದ್ಧರಿಗೆ ಇದರ ಬೆಲೆ ಎಷ್ಟೆಂದು ಹೇಳಬೇಕಾಗಿಲ್ಲ. ಜ್ವರ, ಕೆಮ್ಮುಗಳಿಗೆ ಮದ್ದು ಕೊಳ್ಳುವವರ ವಿವರ ತಿಳಿಸಬೇಕೆಂದು ರಾಜ್ಯ ಸರ್ಕಾರವು ಅಂಗಡಿಯವರಿಗೆ ಸೂಚಿಸಿತು.

ಏಪ್ರಿಲ್ ಕೊನೆಗೂ ಕೋಲಾರ ಜಿಲ್ಲೆ ಹಸಿರು ವಲಯದಲ್ಲಿತ್ತು. ಮೇ ತಿಂಗಳಲ್ಲಿ ಮೊದಲ ಸೋಂಕು ಹೊರಬಿದ್ದುದು ಮುಳಬಾಗಿಲು ತಾಲ್ಲೂಕಿನಲ್ಲಿ. ಮುಳಬಾಗಿಲು, ಶ್ರೀನಿವಾಸಪುರಗಳು ಆಂಧ್ರದ ಗಡಿ. ಮಾಲೂರು ತಮಿಳು ಸೀಮೆಯ ನೆರೆ. ಮಾತ್ರೆಯ ಹಾಳೆಯ ಮೇಲಿನ ಅಕ್ಷರ ಇಂಗ್ಲಿಷಿನದು. ಕೊಳ್ಳುವವರ ಮನೆಮಾತು ಎಷ್ಟೋ ವೇಳೆ ತೆಲುಗು. ಊಟಕ್ಕೆ ಮೊದಲೋ ಅನಂತರವೋ, ದಿನಕ್ಕೆ ಎಷ್ಟು ಎಂಬುದನ್ನು ಬಾಯಿಮಾತಿನಲ್ಲಿ ತಿಳಿಸುವುದೇ ಇಲ್ಲಿ ರೋಗಿಗೆ ದೊಡ್ಡ ರಕ್ಷೆ.

ಆದರೆ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಕಠಿಣವಾದ ಕೆಲಸ “ಕೊಡಲಾರೆ” ಎನ್ನುವುದು. ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟೀರಾಯಿಡ್ ಆಮ್ಲಜನಕದ ಆಸರೆ ಬೇಕಾದ ರೋಗಿಗಳ ಪ್ರಾಣ ಉಳಿಸುವುದೆಂದು 2020ರ ಜೂನಿನಲ್ಲಿ ಸಿದ್ಧವಾಯಿತು. ಉಸಿರಾಟ ಸರಿಯಾಗಿದ್ದವರಿಗೆ ಅದರಿಂದ ಲಾಭ ಕಾಣಲಿಲ್ಲ. 2021ರ ಎರಡನೆಯ ಅಲೆಯಲ್ಲಿ ಹಬ್ಬಿದ ಕಪ್ಪು ಶಿಲೀಂಧ್ರ ರೋಗಕ್ಕೆ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯೊಡನೆ ಸ್ಟೀರಾಯಿಡಿನ ದುರ್ಬಳಕೆಯೂ ಕಾರಣವೆಂದು ವೈದ್ಯರು ಕಂಡರು. ಪರಿಚಿತನೇ ಕೈಮುಗಿದು ಬೇಡುತ್ತಿರುವಾಗ, ಬಂದ ಹಣವನ್ನೂ ಬಿಟ್ಟು, ಚೀಟಿ ತರಲು ಹೇಳಿ ಹಿಂದಕ್ಕೆ ಕಳಿಸಿದ ಅಂಗಡಿಯವನು ಎಷ್ಟು ಕಣ್ಣುಗಳನ್ನು ಉಳಿಸಿದನೋ, ಯಾವ ಲೆಕ್ಕದಲ್ಲಿಯೂ ಅದು ಸೇರುವುದಿಲ್ಲ.

ಎಚ್-1 ಪುಸ್ತಕವನ್ನು ಮೂರು ವರ್ಷ ಕಾಪಾಡಬೇಕೆಂಬುದು ನಿಯಮ. 2020ರ ಪುಸ್ತಕಗಳ ಅವಧಿ 2023ಕ್ಕೇ ತೀರಿತು. ಮಠದ ಹಳೆಯ ವಿದ್ಯಾರ್ಥಿಗಳೇ, ಈ ನಾಲ್ಕು ಊರುಗಳಲ್ಲಿ ನೀವು ಔಷಧದ ಅಂಗಡಿ ನಡೆಸುತ್ತಿದ್ದರೆ, ಆ ವರ್ಷದ ಪುಸ್ತಕ ಇನ್ನೂ ಉಳಿದಿದ್ದರೆ, ರದ್ದಿಗೆ ಹಾಕಬೇಡಿರಿ. ರೋಗಿಗಳ ಹೆಸರು ಹೊರಗೆ ಹೋಗದಂತೆ ಕಟ್ಟಿ ಭದ್ರವಾಗಿಡಿರಿ.