ಕಲಿಸದೇ ಬಂದ ಓದು

ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳ ಬಗ್ಗೆ ಊರಿನಿಂದ ಬಂದವರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಕನ್ನಡ ಓದಲಿಕ್ಕೆ ಬರ್ತದೇನ್ರಿ?’ ಚೆನ್ನೈ, ಹೈದರಾಬಾದುಗಳಲ್ಲಿ ಬ್ಯಾಂಕಿನ ಕೆಲಸ ಮಾಡಿ, ನಿವೃತ್ತಿಯಾದ ಮೇಲೆ ಪುಣೆಯಲ್ಲಿ ನೆಲೆಸಿರುವ ನನಗೆ ಈ ಪ್ರಶ್ನೆ ಹೊಸದಲ್ಲ. ನಾನು ಓದಿದ್ದು ಎಂ.ಕಾಂ., ಮನಶ್ಶಾಸ್ತ್ರ ನನ್ನ ವಿಷಯವಲ್ಲ. ಆದರೂ ಬಿಡುವಿನಲ್ಲಿ ಓದಿಕೊಂಡ ಆ ಶಾಸ್ತ್ರದ ಒಂದು ಚರಿತ್ರೆ ಇಲ್ಲಿ ಹೇಳುವಂಥದು.

ಇಪ್ಪತ್ತನೆಯ ಶತಮಾನದ ನಡುವೆ ಅಮೆರಿಕದ ಮನಶ್ಶಾಸ್ತ್ರದಲ್ಲಿ ವರ್ತನಾವಾದಿಗಳದೇ ದೊಡ್ಡ ದನಿ. ಸರಿಯಾಗಿ ಮಾಡಿದಾಗ ಬಹುಮಾನ ಸಿಗಬೇಕು, ಬಹುಮಾನದಿಂದ ಅಭ್ಯಾಸ ಗಟ್ಟಿಯಾಗಬೇಕು; ಕಲಿಕೆ ಅಂದರೆ ಇಷ್ಟೇ ಎಂಬುದು ಅವರ ವಾದ. ಅವರ ಮುಂದಾಳು ಬಿ.ಎಫ್. ಸ್ಕಿನ್ನರ್ 1957ರಲ್ಲಿ ‘ವರ್ಬಲ್ ಬಿಹೇವಿಯರ್’ ಎಂಬ ಪುಸ್ತಕದಲ್ಲಿ ಮಾತನ್ನೂ ಇದೇ ದಾರಿಯಿಂದ ವಿವರಿಸಲು ಹೊರಟರು. 1959ರಲ್ಲಿ ನೋಮ್ ಚಾಮ್‌ಸ್ಕಿ ಅದನ್ನು ಕಟುವಾಗಿ ವಿಮರ್ಶಿಸಿದರು. ಯಾರೂ ಕಲಿಸದ ವಾಕ್ಯಗಳನ್ನು ಮಗು ತಾನೇ ಕಟ್ಟುತ್ತದಲ್ಲ, ಅದು ಎಲ್ಲಿಂದ ಬಂತು? ಈ ತಕರಾರಿಗೆ ಉತ್ತರ ಕೊಡುವುದು ಸುಲಭವಿರಲಿಲ್ಲ.

ಉತ್ತರದ ಒಂದು ತುಣುಕು ವರ್ತನಾವಾದಿಗಳ ಪಾಳೆಯದಿಂದಲೇ ಬಂತು. ಮರ್ರೆ ಸಿಡ್ಮನ್ (1923-2019) ಬಾಸ್ಟನ್ ಕಡೆಯ ವಿಜ್ಞಾನಿ. 1971ರಲ್ಲಿ ಅವರು ಒಬ್ಬ ಹುಡುಗನ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಹುಡುಗನಿಗೆ 17 ವರ್ಷ. ತೀವ್ರ ಬುದ್ಧಿಮಾಂದ್ಯ ಎಂದು ಸಂಸ್ಥೆಯೊಂದರಲ್ಲಿ ಇರಿಸಿದ್ದವನು. ‘ಹಸು’ ಎಂದು ಹೇಳಿದರೆ ಹಸುವಿನ ಚಿತ್ರ ತೋರಿಸುತ್ತಿದ್ದ, ಚಿತ್ರ ನೋಡಿ ಹೆಸರನ್ನೂ ಹೇಳುತ್ತಿದ್ದ. ಅಚ್ಚಾದ ಪದ ಮಾತ್ರ ಅವನ ಪಾಲಿಗೆ ಬರೀ ಗೆರೆಗಳು. ಸಿಡ್ಮನ್ ಅವನಿಗೆ ಕಲಿಸಿದ್ದು ಒಂದೇ: ಪದ ಕಿವಿಗೆ ಬಿದ್ದಾಗ ಅದರ ಅಚ್ಚಿನ ರೂಪವನ್ನು ಆರಿಸಬೇಕು. ಇಂಥ 20 ಪದಗಳು.

ಆಮೇಲೆ ಪರೀಕ್ಷೆ. ಅಚ್ಚಿನ ಪದಕ್ಕೆ ಚಿತ್ರ ಹೊಂದಿಸು ಅಂದರೆ ಹೊಂದಿಸಿದ. ಚಿತ್ರಕ್ಕೆ ಪದ ಹೊಂದಿಸು ಅಂದರೆ ಅದನ್ನೂ ಮಾಡಿದ. ಅಚ್ಚಿನ ಪದವನ್ನು ಬಾಯಿಬಿಟ್ಟು ಓದಿಯೂ ಓದಿದ. ಈ ಮೂರರಲ್ಲಿ ಒಂದನ್ನೂ ಯಾರೂ ಅವನಿಗೆ ಕಲಿಸಿರಲಿಲ್ಲ. ಲೆಕ್ಕದವನ ಭಾಷೆಯಲ್ಲಿ ಹೇಳುವುದಾದರೆ 20 ಸಂಬಂಧ ಕಲಿಸಿದರೆ ಬಡ್ಡಿಯಾಗಿ 60ರ ದಾರಿ ತೆರೆಯಿತು. ‘ಇವನಿಗೆ ಓದು ಎಲ್ಲಿಂದ ಬರಬೇಕು’ ಎಂದು ಕೈಬಿಟ್ಟಿದ್ದ ಜೀವ ಅದು ಎಂಬುದನ್ನು ಮರೆಯಬಾರದು.

ಒಬ್ಬ ಹುಡುಗನಿಂದ ಏನು ಸಾಬೀತಾಗುತ್ತದೆ ಅನ್ನಬಹುದು. 1973ರಲ್ಲಿ ಡೌನ್ ಸಿಂಡ್ರೋಮ್ ಇದ್ದ ಇಬ್ಬರು ಹುಡುಗರ ಮೇಲೆ ಇದೇ ಪ್ರಯೋಗ ನಡೆದಾಗಲೂ ಫಲ ಹೀಗೇ ಬಂತು. 1982ರಲ್ಲಿ ಸಿಡ್ಮನ್ ಮತ್ತು ವಿಲಿಯಂ ಟೇಲ್ಬಿ ಇದಕ್ಕೆ ಗಣಿತದಿಂದ ಮೂರು ಒರೆಗಲ್ಲು ತಂದರು. ಒಂದು ವಸ್ತು ತನಗೆ ತಾನೇ ಸಮ ಎಂದು ಗೊತ್ತಿರಬೇಕು. ‘ಅ’ಗೆ ‘ಆ’ ಸಮ ಎಂದು ಕಲಿತವನು ‘ಆ’ಗೆ ‘ಅ’ ಸಮ ಎಂದು ತಿರುಗಿಸಬಲ್ಲವನಾಗಬೇಕು. ‘ಅ’ಗೆ ‘ಆ’, ‘ಆ’ಗೆ ‘ಇ’ ಎಂದು ಕಲಿತರೆ ‘ಅ’ಗೆ ‘ಇ’ ಎಂದು ತಾನೇ ದಾಟಬೇಕು. ಮೂರೂ ನಡೆದರೆ ಆ ವಸ್ತುಗಳೆಲ್ಲ ಒಂದೇ ಗುಂಪಿಗೆ ಸೇರಿದವು ಎಂದರ್ಥ. ಇಂಗ್ಲಿಷಿನ ‘ಸ್ಟಿಮುಲಸ್ ಈಕ್ವಿವೇಲೆನ್ಸ್’ ಅಂದರೆ ಇದೇ.

ನಮಗೆ ಇದು ತೀರಾ ಸಹಜ ಅನ್ನಿಸುತ್ತದೆ. ಆದರೆ ಅದೇ 1982ರಲ್ಲಿ ಕೋತಿ, ಬಬೂನುಗಳನ್ನು ಪರೀಕ್ಷಿಸಿದಾಗ ಅವು ತಿರುಗಿಸುವ ಹಂತದಲ್ಲೇ ಸೋತವು. 1993ರಲ್ಲಿ ಕ್ಯಾಲಿಫೋರ್ನಿಯಾದ ರಿಯೋ ಎಂಬ ಕಡಲಸಿಂಹ, ಅಭ್ಯಾಸ ಕೊಟ್ಟ ಮೇಲೆ, ಗೆದ್ದ ವರದಿ ಬಂತು. ಭಾಷೆ ಇರುವುದರಿಂದ ಈ ಶಕ್ತಿಯೋ, ಈ ಶಕ್ತಿಯಿಂದ ಭಾಷೆಯೋ? ಇದು ಹುಟ್ಟಿನಿಂದ ಬಂದ ಗುಣ ಎಂಬ ಕಡೆಗೆ ಸಿಡ್ಮನ್ ಒಲಿದರು. ಸ್ಟೀವನ್ ಹೇಯ್ಸ್ ಮುಂತಾದವರು ಇದೂ ಬಾಲ್ಯದಿಂದ ಕಲಿತು ಬರುವುದೇ ಎಂದರು. ಈ ಜಗಳ ಇನ್ನೂ ಮುಗಿದಿಲ್ಲ.

ನಮ್ಮ ಮಕ್ಕಳಿಗೆ ಇದರಿಂದ ಏನು? ಸಿಡ್ಮನ್‌ರ ಹುಡುಗನ ಗೆಲುವಿಗೆ ಮೂಲ ಬಂಡವಾಳ ಯಾವುದು, ನೋಡಿ. ಪದದ ಸದ್ದಿಗೂ ಚಿತ್ರಕ್ಕೂ ಇರುವ ನಂಟು ಅವನಲ್ಲಿ ಮೊದಲೇ ಇತ್ತು. ಅಚ್ಚಿನ ಪದ ಬಂದು ಆ ಸದ್ದಿಗೆ ತಗುಲಿಕೊಂಡ ಕೂಡಲೇ ಚಿತ್ರವೂ ಜೊತೆಗೆ ಬಂತು. ಆ ಮೊದಲ ನಂಟು ಇಲ್ಲದಿದ್ದರೆ ಕಲಿಸಿದ 20 ಬರೀ 20 ಆಗಿಯೇ ಉಳಿಯುತ್ತಿದ್ದವು.

ನಮ್ಮ ಕಾಲೊನಿಯಲ್ಲಿ ಭಾನುವಾರ ನಾವು ಕೆಲವು ಹಿರಿಯರು ಮಕ್ಕಳಿಗೆ ಕನ್ನಡ ಅಕ್ಷರ ಹೇಳಿಕೊಡುತ್ತೇವೆ. ಶಾಲೆಯಲ್ಲಿ ದೇವನಾಗರಿ ಕಲಿತ ಮಕ್ಕಳು. ಕಾಗುಣಿತದ ಕ್ರಮ ಗೊತ್ತಿರುವುದರಿಂದ ನಮ್ಮ ಲಿಪಿ ಬೇಗ ಹಿಡಿಯುತ್ತಾರೆ. ಮನೆಯಲ್ಲಿ ಕನ್ನಡ ಆಡುವ ಹುಡುಗ ‘ಮೊ-ಸ-ರು’ ಎಂದು ಕೂಡಿಸಿ ಓದಿದವನೇ ‘ಓ, ಮೊಸರು!’ ಎಂದು ನಗುತ್ತಾನೆ. ಪಕ್ಕದ ಹುಡುಗಿ ಅವನಿಗಿಂತ ಚೊಕ್ಕವಾಗಿ ಓದುತ್ತಾಳೆ. ಓದಿ, ‘ಮೊಸರು ಮತ್ಲಬ್ ಕ್ಯಾ, ಅಜ್ಜಾ?’ ಅನ್ನುತ್ತಾಳೆ. ‘ದಹೀ ಕಣಮ್ಮ’ ಎಂದು ಒಂದು ಸಲ ಹೇಳಿದರೆ ಆ ಪದದ ಮಟ್ಟಿಗೆ ಅವಳಿಗೂ ದಾರಿ ತೆರೆಯುತ್ತದೆ. ಆದರೆ ಹೀಗೆ ಎಷ್ಟು ಪದ ಹೇಳೋಣ? ಸಾವಿರಾರು ಪದಗಳನ್ನು ವಾರಕ್ಕೊಂದು ಗಂಟೆಯಲ್ಲಿ ತುಂಬಲಾಗದು. ಅದು ಅಡಿಗೆಮನೆಯಲ್ಲಿ, ಊಟದ ಎಲೆಯ ಮುಂದೆ, ಬೈಗುಳದಲ್ಲಿ, ಮುದ್ದಿನಲ್ಲಿ ತುಂಬಬೇಕಾದ ಖಾತೆ.

ಸಿಡ್ಮನ್‌ರ ಹುಡುಗ ಕಲಿತದ್ದು ಇಡೀ ಪದಗಳನ್ನು. ಹೊಸ ಪದ ಓದಲು ಅಕ್ಷರ ಬೇಕೇ ಬೇಕು, ನಮ್ಮ ಭಾನುವಾರದ ತರಗತಿ ವ್ಯರ್ಥವೇನಲ್ಲ. ಆದರೂ ‘ಓದಲಿಕ್ಕೆ ಬರ್ತದೇನ್ರಿ’ ಎಂದು ಕೇಳುವ ಊರಿನವರಿಗೆ ನನ್ನದೊಂದು ವಿನಂತಿ. ಬೇಸಿಗೆ ರಜೆಗೆ ಈ ಮಕ್ಕಳು ನಿಮ್ಮ ಮನೆಗೆ ಬಂದಾಗ, ಪಾಪ ಕಷ್ಟಪಡ್ತವೆ ಎಂದು ನೀವೇ ಇಂಗ್ಲಿಷಿಗೋ ಹಿಂದಿಗೋ ಹೊರಳಿಬಿಡುತ್ತೀರಿ. ದಯವಿಟ್ಟು ಹಾಗೆ ಮಾಡಬೇಡಿ. ತಪ್ಪಾಡಿದರೂ ಕನ್ನಡದಲ್ಲೇ ಆಡಿಸಿ, ಮೊಸರು ಬಡಿಸುವಾಗ ‘ಮೊಸರು’ ಅಂತಲೇ ಹೇಳಿ ಬಡಿಸಿ. ಅಕ್ಷರದ ಕೆಲಸ ನಾವು ಇಲ್ಲಿ ನೋಡಿಕೊಳ್ಳುತ್ತೇವೆ.