ಊರಿನ ಸಾಲಿ, ಸರಕಾರದ ಶಾಲೆ

ಪ್ರಾಥಮಿಕ ಶಾಲೆಗಳ ಗೋಡೆಯ ಮೇಲೆ ಸೂಕ್ತಿಗಳನ್ನು ಬರೆಸುವ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ಇದೆ. ಮನೆಯೇ ಮೊದಲನೆಯ ಶಾಲೆ, ತಾಯಿಯೇ ಮೊದಲನೆಯ ಗುರು ಎಂಬ ಅರ್ಥದ ಮಾತು ಅವುಗಳಲ್ಲಿ ಒಂದಾಗಿರುವುದು ಸಾಮಾನ್ಯ. ಯಾದಗಿರಿ ಜಿಲ್ಲೆಯ ಮಟ್ಟಿಗೆ ಈ ಮಾತನ್ನು ಓದುವಾಗ ಮನಸ್ಸಿಗೆ ಸ್ವಲ್ಪ ಕಸಿವಿಸಿಯಾಗುತ್ತದೆ. 2011ರ ಜನಗಣತಿಯಂತೆ ಈ ಜಿಲ್ಲೆಯ ಸಾಕ್ಷರತೆ ಶೇಕಡಾ 51.83, ರಾಜ್ಯದ ಸರಾಸರಿ 75.36. ಅಂದಿನ 30 ಜಿಲ್ಲೆಗಳಲ್ಲಿ ಇದಕ್ಕೇ ಕಡೆಯ ಸ್ಥಾನ. ಹೆಂಗಸರಲ್ಲಿ ಅಕ್ಷರ ಬಲ್ಲವರು ಶೇಕಡಾ 41.38 ಮಾತ್ರ. ಎಂದರೆ, ಮಗುವಿನ ಕೈಹಿಡಿದು ಶಾಲೆಯ ಬಾಗಿಲಿಗೆ ಬಂದ ತಾಯಂದಿರಲ್ಲಿ ಅನೇಕರು ಗೋಡೆಯ ಮೇಲಿನ ತಮ್ಮ ಹೊಗಳಿಕೆಯನ್ನು ತಾವೇ ಓದಲಾರದವರು.

ಇದಕ್ಕೆ ಕಾರಣವೇನೆಂದು ಕೇಳಿದರೆ ನಿಜಾಮರ ಆಳ್ವಿಕೆ, ಬರಗಾಲ, ಬಡತನ ಎಂಬ ಉತ್ತರ ಸಿದ್ಧವಾಗಿದೆ. ಆ ಉತ್ತರ ಸುಳ್ಳಲ್ಲ. ಆದರೆ ಸುರಪುರ, ಶಹಾಪುರ, ಯಾದಗಿರಿಗಳ ಇತಿಹಾಸವನ್ನು ಕೊಂಚ ಸಾವಧಾನವಾಗಿ ನೋಡಿದರೆ ಇನ್ನೊಂದು ಕಾರಣವೂ ಕಣ್ಣಿಗೆ ಬೀಳುತ್ತದೆ. ಅದು ಮನೆಗೂ ಶಾಲೆಗೂ ನಡುವೆ ಬೆಳೆಯುತ್ತ ಬಂದ ದೂರ. ಆ ದೂರ ಹೇಗೆ ಬೆಳೆಯಿತು, ಅದನ್ನು ಕಿರಿದುಗೊಳಿಸಲು ಯಾರು ಯಾರು ಯತ್ನಿಸಿದರು ಎಂಬುದನ್ನು ಅರಿಯುವುದು ಕೇವಲ ಕುತೂಹಲದ ಮಾತಲ್ಲ.

ಈ ನೆಲಕ್ಕೆ ವಿದ್ಯೆ ಹೊಸದೇನೂ ಅಲ್ಲ. ಯಾದಗಿರಿಯ ನೆರೆಯಲ್ಲೇ ಇರುವ, ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನನು ಘಟಿಕಾಸ್ಥಾನವೊಂದನ್ನು ಸ್ಥಾಪಿಸಿದ್ದನ್ನು 1058ರ ಶಾಸನ ಸಾರುತ್ತದೆ. ಅಲ್ಲಿ ಓದುವವರಿಗೆ ಅನ್ನವಿತ್ತು, ಓದಿಸುವವರಿಗೆ ವೃತ್ತಿಯಿತ್ತು. ಗ್ರಂಥಗಳನ್ನು ಕಾಯಲು ಸರಸ್ವತೀ ಭಂಡಾರಿಗರೂ ಇದ್ದರು. ಆದರೆ ಅದು ಶಾಸ್ತ್ರವನ್ನು ಓದುವ ಕೆಲವರ ಸೊತ್ತು. ಅದೇ ಸೀಮೆಯಲ್ಲಿ, ಸುರಪುರದ ಕಡೆಯ ಮುದನೂರಿನವರೆಂದು ಹೇಳಲಾಗುವ ದಾಸಿಮಯ್ಯನವರು ಮಗ್ಗದ ಮುಂದೆ ಕುಳಿತು ಆಡುನುಡಿಯಲ್ಲೇ ವಚನಗಳನ್ನು ಹೇಳಿದರು. ರಾಜಾಶ್ರಯದ ವಿದ್ಯೆ ಒಂದು ಕಡೆ, ಜನರ ನಾಲಗೆಯ ಮೇಲಿನ ವಿದ್ಯೆ ಇನ್ನೊಂದು ಕಡೆ. ಇವೆರಡೂ ಒಂದೇ ಸೂರಿನ ಕೆಳಗೆ ಕುಳಿತುಕೊಳ್ಳಲು ಶತಮಾನಗಳು ಬೇಕಾದವು.

ಅವುಗಳ ನಡುವೆ ಇದ್ದದ್ದು ಐಗಳ ಮಠ. ಉಸುಕಿನ ಮೇಲೆ ಅಕ್ಷರ ತಿದ್ದಿಸಿ, ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ಬಾಯಿಪಾಠ ಮಾಡಿಸಿ, ತಪ್ಪಿದವರಿಗೆ ಕೋದಂಡ ಹಾಕುತ್ತಿದ್ದ ಈ ಮಠಗಳನ್ನು ನಾವಿಂದು ಹೊಗಳಬೇಕಾಗಿಲ್ಲ. ಅಲ್ಲಿ ಹೆಣ್ಣುಮಕ್ಕಳಿಗೆ ಎಡೆಯಿರಲಿಲ್ಲ. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಂತೂ ಹೊಸ್ತಿಲೇ ದೂರ. ಆದರೂ ಒಂದು ಗುಣವನ್ನು ಒಪ್ಪಿಕೊಳ್ಳಬೇಕು: ಐಗಳ ಹೊಟ್ಟೆ ಊರವರ ಕೈಯಲ್ಲಿತ್ತು. ಸುಗ್ಗಿಯಲ್ಲಿ ಕಾಳು, ಹಬ್ಬದಲ್ಲಿ ದಕ್ಷಿಣೆ. ಮಹಾನವಮಿ ಬಂದರೆ ಐಗಳು ಮಕ್ಕಳನ್ನು ಕಟ್ಟಿಕೊಂಡು ಮನೆಮನೆಯ ಮುಂದೆ ಪದ ಹೇಳಿಸುವ ವಾಡಿಕೆ ಕನ್ನಡ ನಾಡಿನ ಹಲವೆಡೆ ಇತ್ತು. ಮಗ ಏನು ಕಲಿತನೆಂಬುದನ್ನು ಅಕ್ಷರ ಬಾರದ ತಾಯಿಯೂ ತನ್ನ ಅಂಗಳದಲ್ಲಿ ನಿಂತು ಕೇಳಿ ತಿಳಿದುಕೊಳ್ಳುತ್ತಿದ್ದಳು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದೇ ಅಂದಿನ ಪಾಲಕರ ಸಭೆ.

ಶಿಕ್ಷಕನಿಗೂ ಮನೆಗೂ ನಡುವೆ ಹೊಂದಿಕೆ ತಪ್ಪಿದಾಗ ಏನಾಗುತ್ತದೆಂಬುದಕ್ಕೆ ಸುರಪುರದ ಅರಮನೆಯೇ ಒಂದು ಉದಾಹರಣೆಯನ್ನು ಒದಗಿಸಿದೆ. 1840ರ ದಶಕದ ಆರಂಭದಲ್ಲಿ ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕರು ಇನ್ನೂ ಬಾಲಕರು. ಸಂಸ್ಥಾನದ ಮೇಲ್ವಿಚಾರಣೆಗೆಂದು ಬಂದ ಫಿಲಿಪ್ ಮೆಡೋಸ್ ಟೇಲರ್ ಸಾಹೇಬರೇ ಬಾಲರಾಜನ ವಿದ್ಯಾಭ್ಯಾಸದ ಹೊಣೆಯನ್ನೂ ಹೊತ್ತರು. ಹುಡುಗ ಅವರನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನಂತೆ. ಆದರೆ ತಾಯಿ ರಾಣಿ ಈಶ್ವರಮ್ಮನವರಿಗೂ ಟೇಲರರಿಗೂ ಸರಿಬರಲಿಲ್ಲ. ಮಗ ತನ್ನ ಕೈಬಿಟ್ಟು ಹೋಗುತ್ತಾನೆಂಬ ಭಯ ತಾಯಿಗೆ. ತಾಯಿಯ ಸುತ್ತಲಿನವರು ಹುಡುಗನನ್ನು ಕೆಡಿಸುತ್ತಾರೆಂಬ ಶಂಕೆ ಸಾಹೇಬರಿಗೆ. 1877ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಟೇಲರರು ತಮ್ಮ ಪಕ್ಷವನ್ನು ವಿಸ್ತಾರವಾಗಿ ಬರೆದಿಟ್ಟಿದ್ದಾರೆ. ರಾಣಿಯವರ ಪಕ್ಷವನ್ನು ನಾವು ಆ ಸಾಲುಗಳ ನಡುವೆಯೇ ಊಹಿಸಿಕೊಳ್ಳಬೇಕು.

1853ರಲ್ಲಿ ರಾಜನಿಗೆ ಅಧಿಕಾರ ವಹಿಸಿ ಟೇಲರರು ಸುರಪುರ ಬಿಟ್ಟರು. ಐದೇ ವರ್ಷಗಳಲ್ಲಿ, 1858ರ ಬಂಡಾಯದಲ್ಲಿ ಆ ತರುಣ ರಾಜ ಬ್ರಿಟಿಷರ ವಿರುದ್ಧ ನಿಂತು, ಸೆರೆಸಿಕ್ಕು, ಗುಂಡೇಟಿನಿಂದ ಪ್ರಾಣ ಬಿಟ್ಟನು. ಆ ದುರಂತದ ಕಾರಣಗಳು ರಾಜಕೀಯದವು. ಅದನ್ನು ಪಾಠದ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ಮಗುವಿನ ಮೇಲೆ ಪ್ರೀತಿಯಿದ್ದ ಇಬ್ಬರು ಒಬ್ಬರನ್ನೊಬ್ಬರು ನಂಬದೆ ಹೋದದ್ದು ಮಾತ್ರ ನಿಜ. ಟೇಲರರ ಬಂಗಲೆ ಸುರಪುರದ ಗುಡ್ಡದ ಮೇಲೆ ಈಗಲೂ ನಿಂತಿದೆ. ಅದನ್ನು ನೋಡಲು ಹೋಗುವವರು ಆ ತಾಯಿಯನ್ನೂ ಒಮ್ಮೆ ನೆನೆಯಬಹುದು.

1860ರಲ್ಲಿ ಸುರಪುರ ನಿಜಾಮರ ಪಾಲಾಯಿತು. ಇಲ್ಲಿಂದ ಮುಂದೆ ಮನೆಗೂ ಶಾಲೆಗೂ ನಡುವಣ ದೂರ ನುಡಿಯ ದೂರವಾಯಿತು. ಕೆಳಗಿನ ತರಗತಿಗಳಲ್ಲಿ ಕನ್ನಡಕ್ಕೆ ಅಲ್ಪಸ್ವಲ್ಪ ಎಡೆಯಿದ್ದರೂ ಮೇಲಕ್ಕೆ ಹೋದಂತೆಲ್ಲ ಉರ್ದುವೇ ಪಾಠದ ಭಾಷೆ, ಕಚೇರಿಯ ಭಾಷೆ. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿ, ವಿಜ್ಞಾನ, ವೈದ್ಯಗಳನ್ನೂ ದೇಶಭಾಷೆಯೊಂದರಲ್ಲಿ ಕಲಿಸಬಹುದೆಂದು ಜಗತ್ತಿಗೆ ತೋರಿಸಿತು. ಅದು ದೊಡ್ಡ ಸಾಹಸವೇ ಸರಿ. ಉರ್ದುವಿಗೆ ಸಿಕ್ಕ ಆ ಗೌರವ ಕನ್ನಡ, ತೆಲುಗು, ಮರಾಠಿಗಳಿಗೆ ಸಿಗಲಿಲ್ಲವೆಂಬುದೇ ಜನರ ನೋವು. ರೈತನ ಮಗ ಶಾಲೆಯಲ್ಲಿ ಕಲಿತದ್ದನ್ನು ಮನೆಯಲ್ಲಿ ಹೇಳಿದರೆ ತಾಯಿಗೆ ತಿಳಿಯದು. ತಾಯಿ ಹೇಳಿದ ಕಥೆಗೆ ಶಾಲೆಯಲ್ಲಿ ಬೆಲೆಯಿಲ್ಲ.

ಆಗ ಊರು ಸುಮ್ಮನೆ ಕುಳಿತಿರಲಿಲ್ಲ. 1907ರಲ್ಲಿ ಕಲಬುರಗಿಯಲ್ಲಿ ನೂತನ ವಿದ್ಯಾಲಯ ಹುಟ್ಟಿತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆಯನ್ನು ಕಟ್ಟಿದರು. ಆ ಉರ್ದು ಹೆಸರಿನ ಅರ್ಥವೇ ಪರರ ನೋವಿನಲ್ಲಿ ಪಾಲುಗೊಳ್ಳುವವನು. 1934ರಲ್ಲಿ ದೊಡ್ಡಪ್ಪ ಅಪ್ಪನವರು ಶರಣಬಸವೇಶ್ವರ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿ ಹೆಣ್ಣುಮಕ್ಕಳ ಶಿಕ್ಷಣಕ್ಕೆ ಕೈಹಾಕಿದರು. ಖಾಸಗಿ ಶಾಲೆ ತೆರೆಯಲು ಸರಕಾರದ ಅನುಮತಿ ಬೇಕಾಗಿದ್ದ ದಿನಗಳವು. ವರ್ತಕರ ವಂತಿಗೆ, ಮಠದ ಜೋಳ, ವಕೀಲರ ಬಿಡುವಿನ ವೇಳೆ, ಇವುಗಳ ಮೇಲೆ ಇಂಥ ಶಾಲೆಗಳು ನಿಂತವು. ಶಾಲೆಯೆಂದರೆ ಊರು ತಾನೇ ಸಾಕಬೇಕಾದ ಕೂಸು ಎಂಬ ಭಾವನೆ ಅಂದು ಇತ್ತು. ಆದರೆ ಅವು ಹೆಚ್ಚಾಗಿ ಪೇಟೆಗಳಲ್ಲಿ ಉಳಿದವು. ಕೃಷ್ಣೆಯ, ಭೀಮೆಯ ದಂಡೆಯ ಹಳ್ಳಿಗಳಿಗೆ ತಲುಪಿದ್ದು ಕಡಿಮೆ.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯದಲ್ಲಿ ಸೇರಿತು. ಕನ್ನಡ ಶಾಲೆಗಳು ಹಳ್ಳಿಹಳ್ಳಿಗೆ ಬಂದವು. ನುಡಿಯ ದೂರ ತೀರಿತು. ಆದರೆ ಇನ್ನೊಂದು ದೂರ ಹುಟ್ಟಿತು. ಕಟ್ಟಡ ಸರಕಾರದ್ದು, ಸಂಬಳ ಸರಕಾರದ್ದು, ಪುಸ್ತಕ ಸರಕಾರದ್ದು. ಹಾಗಾದರೆ ಶಾಲೆಯೂ ಸರಕಾರದ್ದೇ ಎಂದು ಊರು ಕೈಬಿಟ್ಟಿತು. 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಮಗುವನ್ನು ಕಳಿಸಬೇಕೆಂದು ತಂದೆತಾಯಿಗಳಿಗೆ ಆಜ್ಞೆ ಮಾಡಿತು. ಶಾಲೆ ಹೇಗಿರಬೇಕೆಂದು ಅವರನ್ನು ಕೇಳಲಿಲ್ಲ. ಮಳೆ ತಪ್ಪಿದ ವರ್ಷ ಸಂಸಾರ ಸಮೇತ ಬೆಂಗಳೂರಿಗೋ ಮುಂಬಯಿಗೋ ಗುಳೆ ಹೊರಟವನಿಗೆ ಆಜ್ಞೆಯಿಂದ ಏನು ಪ್ರಯೋಜನ? ಹತ್ತಿ ಬಿಡಿಸುವ ಕಾಲಕ್ಕೆ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳು ಬೆಳೆದವು. ಗುರುಗಳು ಹೆಸರು ಕೂಗಿದರು. ಉತ್ತರ ಕೊಡಬೇಕಾದ ಮಗು ಹೊಲದಲ್ಲಿತ್ತು.

ಈ ತಪ್ಪಿನ ಅರಿವು ತಡವಾಗಿಯಾದರೂ ಆಯಿತು. ಡಾ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ರಾಜ್ಯದ ಸರಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. ಪಾಲಕರೇ ಆರಿಸಿದ ಪಾಲಕರು ಅದರಲ್ಲಿ ಕುಳಿತರು. 2002ರಲ್ಲಿ ಮಧ್ಯಾಹ್ನದ ಬಿಸಿಯೂಟ ಮೊದಲು ಆರಂಭವಾದದ್ದು ಈ ಭಾಗದ ಜಿಲ್ಲೆಗಳಲ್ಲೇ. ಊರಿನ ಹೆಂಗಸರು ಅಡುಗೆಯವರಾಗಿ ಶಾಲೆಯ ಒಳಗೆ ಬಂದರು. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾನೂನು ಸಮಿತಿಯ ಮುಕ್ಕಾಲು ಪಾಲು ತಂದೆತಾಯಿಗಳಿರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು ವಿಧಿಸಿತು. ಇದೇ ಕಾಲದಲ್ಲಿ ಸುರಪುರ ತಾಲ್ಲೂಕಿನ ಶಾಲೆಗಳಲ್ಲಿ ರಾಜ್ಯ ಸರಕಾರ, ಯುನಿಸೆಫ್, ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಒಟ್ಟುಗೂಡಿ ಮಕ್ಕಳ ಸ್ನೇಹಿ ಶಾಲೆಯ ಪ್ರಯೋಗವನ್ನು ಕೆಲವು ವರ್ಷ ನಡೆಸಿದವು. ‘ಸಮುದಾಯದತ್ತ ಶಾಲೆ’ ಎಂಬ ಕಾರ್ಯಕ್ರಮದಲ್ಲಿ ಪಾಲಕರನ್ನು ಕರೆದು ಅವರ ಮುಂದೆಯೇ ಮಗು ಕಲಿತದ್ದನ್ನು ತೋರಿಸುವ ಏರ್ಪಾಡಾಯಿತು. ಮಕ್ಕಳ ಸಂತೆಯಲ್ಲಿ ಹುಡುಗರು ಕಾಯಿಪಲ್ಯ ತೂಗಿ, ಲೆಕ್ಕ ಹೇಳಿ, ಚಿಲ್ಲರೆ ಎಣಿಸಿ ಕೊಟ್ಟಾಗ ಅಕ್ಷರ ಬಾರದ ಅಜ್ಜಿಯೂ ಮೊಮ್ಮಗಳ ಗಣಿತವನ್ನು ಪರೀಕ್ಷಿಸಬಲ್ಲಳು. ಮಹಾನವಮಿಯ ಪದ ಬೇರೆ ರೂಪದಲ್ಲಿ ಮರಳಿ ಬಂದಂತಾಯಿತು. ಈ ಸಲ ಹೆಣ್ಣುಮಗುವೂ ಸಾಲಿನಲ್ಲಿದೆ.

ಎಲ್ಲವೂ ಸರಿಹೋಯಿತೆಂದು ಹೇಳುವ ಧೈರ್ಯ ನನಗಿಲ್ಲ. ಸಮಿತಿಯೆಂದರೆ ಸಹಿಯ ಕಾಗದ, ಸಭೆಯೆಂದರೆ ಚಹಾ ಎಂಬಲ್ಲಿಗೆ ಇಳಿದ ಊರುಗಳಿವೆ. ಓದು ಬಾರದ ಸದಸ್ಯೆಯ ಹೆಬ್ಬೆಟ್ಟು ಬೇಕು, ಅವಳ ಪ್ರಶ್ನೆ ಬೇಡ ಎಂಬ ಮನೋಭಾವ ಅಳಿದಿಲ್ಲ. ಕಾಂಪೌಂಡಿಗೆ ಕಲ್ಲು, ಧ್ವಜಾರೋಹಣಕ್ಕೆ ಸಿಹಿ ಕೇಳುವಾಗ ನೆನಪಾಗುವ ಊರು, ಪಾಠದ ಮಾತು ಬಂದಾಗ ಮರೆತುಹೋಗುತ್ತದೆ. ಶಿಕ್ಷಕರ ಕಷ್ಟವೂ ಸಣ್ಣದಲ್ಲ. ದೂರದ ಜಿಲ್ಲೆಯಿಂದ ಬಂದು, ಚುನಾವಣೆ, ಗಣತಿ, ವರದಿಗಳ ನಡುವೆ ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡವರಿಗೆ ಮನೆಮನೆಗೆ ಹೋಗಿ ಬರಲು ಬಿಡುವೆಲ್ಲಿ? ಆದರೂ ಹಾಗೆ ಹೋಗುವ ಗುರುಗಳಿದ್ದಾರೆ. ಗುಳೆ ಹೊರಟ ತಂದೆಯನ್ನು ತಡೆದು, ಮಗುವನ್ನು ಅಜ್ಜಿಯ ಹತ್ತಿರ ಬಿಡಿಸುವುದು ಆಜ್ಞಾಪತ್ರದಿಂದ ಆಗುವ ಕೆಲಸವಲ್ಲ. ಕಟ್ಟೆಯ ಮೇಲೆ ಕುಳಿತು ಆಡುವ ಮಾತಿನಿಂದ ಆಗುವ ಕೆಲಸ.

ಇನ್ನು ಪೇಟೆಯ ನಮ್ಮ ಪಾಲು. ಓದು ಬಲ್ಲ ನಾವು ನಮ್ಮ ಮಕ್ಕಳನ್ನು ಸರಕಾರಿ ಶಾಲೆಯಿಂದ ಬಿಡಿಸಿಕೊಂಡು ಹೋದೆವು. ಫೀಸು ಕಟ್ಟಿ, ಅಂಕಪಟ್ಟಿಗೆ ಸಹಿ ಹಾಕಿ, ನಮ್ಮ ಕರ್ತವ್ಯ ಮುಗಿಯಿತೆಂದುಕೊಂಡೆವು. ಅದು ಅಂಗಡಿಯ ಗಿರಾಕಿಯ ಸಂಬಂಧವೇ ಹೊರತು ಪಾಲುದಾರರದ್ದಲ್ಲ. ಹಿಂದೆ ಹಮ್‌ದರ್ದ್ ಶಾಲೆಗೆ, ನೂತನ ವಿದ್ಯಾಲಯಕ್ಕೆ ಬಿಡುವಿನ ವೇಳೆಯನ್ನು ಕೊಟ್ಟ ಓದಿದವರ ಸ್ಥಾನ ಇಂದು ಹಳ್ಳಿಯ ಶಾಲೆಯ ಸಮಿತಿಯಲ್ಲಿ ಖಾಲಿಯಾಗಿದೆ. ಅಲ್ಲಿ ಕುಳಿತಿರುವವಳು ಅಕ್ಷರ ಬಾರದ ಆ ತಾಯಿ. ಶಾಲೆಯನ್ನು ನೋಡಿಕೊಳ್ಳುವ ಅಧಿಕಾರವನ್ನು ಕಾನೂನು ಅವಳಿಗೆ ಕೊಟ್ಟಿದೆ. ಅವಳ ಮಾತಿಗೆ ಕಿವಿಗೊಡುವ ಕೆಲಸ ಗುರುಗಳದು, ಊರಿನದು, ನಮ್ಮದು. ಗೋಡೆಯ ಮೇಲಿನ ಮಾತನ್ನು ಅವಳ ಮಗಳು ಒಂದು ದಿನ ಗಟ್ಟಿಯಾಗಿ ಓದಿ ಹೇಳಿಯಾಳು. ಅದನ್ನು ಕೇಳಲು ತಾಯಿ ಗೇಟಿನ ಹೊರಗಲ್ಲ, ಶಾಲೆಯ ಒಳಗೆ ಕುಳಿತಿರಬೇಕು.