ವಿಸ್ಕಿ ದಂಗೆ ಮತ್ತು ವಾಷಿಂಗ್‌ಟನ್ನನ ನೀತಿ

ವಿಸ್ಕಿ ದಂಗೆಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅಧ್ಯಕ್ಷ ವಾಷಿಂಗ್‌ಟನ್ನನು 1794ರ ಅಕ್ಟೋಬರಿನಲ್ಲಿ ದಂಡಿನೊಡನೆ ಹೊರಟುದನ್ನೇ ವರ್ಣಿಸುವರು. ಅವನ ನೀತಿಯನ್ನರಿಯಲು ಅದರ ಹಿಂದಿನ ಎರಡು ತಿಂಗಳುಗಳೇ ಹೆಚ್ಚು ಸಹಾಯಕವೆಂದು ನಮ್ಮ ಅಭಿಪ್ರಾಯ.

ದಂಗೆಯ ಕಾರಣ ಸುಪರಿಚಿತವಾದುದು. ರಾಜ್ಯಗಳ ಯುದ್ಧಸಾಲವನ್ನು ಕೇಂದ್ರ ಸರ್ಕಾರವು ವಹಿಸಿಕೊಂಡ ತರುವಾಯ, ಹ್ಯಾಮಿಲ್ಟನ್ನನ ಸಲಹೆಯಂತೆ 1791ರಲ್ಲಿ ಮದ್ಯದ ಮೇಲೆ ಅಬಕಾರಿ ತೆರಿಗೆಯನ್ನು ವಿಧಿಸಲಾಯಿತು. ಪಶ್ಚಿಮ ಪೆನ್ಸಿಲ್ವೇನಿಯದ ರೈತನು ಧಾನ್ಯವನ್ನು ಬೆಟ್ಟ ದಾಟಿಸಲಾರದೆ ವಿಸ್ಕಿಯಾಗಿ ಬಟ್ಟಿಯಿಳಿಸುತ್ತಿದ್ದನು; ನಾಣ್ಯ ವಿರಳವಾದ ಆ ಸೀಮೆಯಲ್ಲಿ ವಿಸ್ಕಿಯೇ ಹಣದಂತೆ ಕೈಬದಲಾಗುತ್ತಿತ್ತು. ತೆರಿಗೆಯನ್ನಾದರೋ ನಾಣ್ಯದಲ್ಲಿಯೇ ಸಲ್ಲಿಸಬೇಕು. ಮೊಕದ್ದಮೆಯಾದರೆ ಸುಮಾರು 300 ಮೈಲಿ ದೂರದ ಫಿಲಡೆಲ್ಫಿಯಕ್ಕೆ ಹೋಗಬೇಕು. 1794ರ ಜುಲೈನಲ್ಲಿ ತೆರಿಗೆಯ ಅಧಿಕಾರಿ ಜಾನ್ ನೆವಿಲ್ಲನ ಮನೆಯನ್ನು ದಂಗೆಗಾರರು ಸುಟ್ಟರು.

ತೆರಿಗೆಯ ವಿರುದ್ಧ ಎದ್ದು ಹುಟ್ಟಿದ ರಾಷ್ಟ್ರವು ತೆರಿಗೆ ಕೊಡದವರ ಮೇಲೆ ಸೈನ್ಯವನ್ನು ಕಳುಹಿಸಬಹುದೆ? ತೆರಿಗೆಯನ್ನು ವಿಧಿಸಿದವರು ಪ್ರಜೆಗಳೇ ಆರಿಸಿದ ಪ್ರತಿನಿಧಿಗಳೆಂಬುದು ಸರ್ಕಾರದ ಉತ್ತರ. ಆದರೆ 1792ರ ಕಾಯಿದೆಯಂತೆ, ನ್ಯಾಯಾಲಯಗಳ ಶಕ್ತಿಗೆ ಮೀರಿದ ಪ್ರತಿರೋಧವಿದೆಯೆಂದು ನ್ಯಾಯಾಧೀಶನೊಬ್ಬನು ತಿಳಿಸದ ಹೊರತು ಅಧ್ಯಕ್ಷನು ರಾಜ್ಯಗಳ ನಾಗರಿಕ ಪಡೆಯನ್ನು ಕರೆಯುವಂತಿರಲಿಲ್ಲ. ನ್ಯಾಯಾಲಯಗಳೇ ಸಾಕೆಂದು ಪೆನ್ಸಿಲ್ವೇನಿಯದ ಗವರ್ನರ್ ಮಿಫ್ಲಿನ್ನನು ಹಿಂಜರಿದನು. ಆಗಸ್ಟ್ 4ರಂದು ನ್ಯಾಯಾಧೀಶ ಜೇಮ್ಸ್ ವಿಲ್ಸನ್ನನ ಪತ್ರವು ಕೈಸೇರಿದ ಮೇಲೆಯೇ, 7ರಂದು, ವಾಷಿಂಗ್‌ಟನ್ನನು ಘೋಷಣೆಯನ್ನು ಹೊರಡಿಸಿದನು. ಸೆಪ್ಟೆಂಬರ್ 1ರೊಳಗಾಗಿ ಚದುರಬೇಕೆಂದು ಅದರ ಆಜ್ಞೆ. ಶರಣಾದವರಿಗೆ ಕ್ಷಮೆಯ ಭರವಸೆ ನೀಡಲು ಮೂವರು ಆಯುಕ್ತರೂ ಹೊರಟರು.

ಈ ಸಂಧಾನವು ಕೇವಲ ತೋರಿಕೆಯದೆ? ಆಯುಕ್ತರು ದಾರಿಯಲ್ಲಿರುವಾಗಲೇ ನಾಲ್ಕು ರಾಜ್ಯಗಳ ಸುಮಾರು 13,000 ಮಂದಿಯ ಪಡೆಯನ್ನು ಅಣಿಗೊಳಿಸುವ ಏರ್ಪಾಡು ನಡೆದಿತ್ತೆಂಬುದನ್ನು ನಾವು ಮರೆಮಾಚಲಾಗದು. ಹ್ಯಾಮಿಲ್ಟನ್ನನಿಗಂತೂ ಮೊದಲಿನಿಂದಲೂ ಬಲಪ್ರಯೋಗವೇ ಪ್ರಿಯವಾಗಿತ್ತು. ಆದರೂ ಆ ಕಾಲಾವಕಾಶದಲ್ಲಿ ಅನೇಕರು ದಂಗೆಯಿಂದ ಹಿಂದೆಗೆದರು; ದಂಡು ತಲುಪುವ ಹೊತ್ತಿಗೆ ಎದುರಿಸುವವರೇ ಇರಲಿಲ್ಲ. ರಾಜದ್ರೋಹದ ಅಪರಾಧ ಸಿದ್ಧವಾದುದು ಇಬ್ಬರ ಮೇಲೆ ಮಾತ್ರ. ಅವರಿಬ್ಬರನ್ನೂ ವಾಷಿಂಗ್‌ಟನ್ನನು 1795ರಲ್ಲಿ ಕ್ಷಮಿಸಿದನು. ಆದಕಾರಣ ಆ ಸಂಧಾನವು ಬರಿಯ ನಟನೆಯಲ್ಲವೆಂದೇ ನಾವು ತೀರ್ಮಾನಿಸುವೆವು.

ಆಗಸ್ಟಿನ ಈ ಸಂಯಮವು ನವೆಂಬರಿನ ಭಾಷಣದಲ್ಲಿ ಕಾಣುವುದಿಲ್ಲ. ದಂಗೆಯ ಹೊಣೆಯನ್ನು ಅವನು ಸ್ವಯಂರಚಿತ ಸಂಘಗಳ ಮೇಲೆ, ಎಂದರೆ ಸರ್ಕಾರವನ್ನು ಟೀಕಿಸುತ್ತಿದ್ದ ಪ್ರಜಾಸತ್ತಾವಾದಿ ಸಂಘಗಳ ಮೇಲೆ, ಹೊರಿಸಿದನು. ಸರ್ಕಾರವನ್ನು ವಿಮರ್ಶಿಸುವ ಅಧಿಕಾರ ಪ್ರಜೆಗಳದು, ಪ್ರಜೆಗಳನ್ನು ಖಂಡಿಸುವುದು ಸರ್ಕಾರದ ಕೆಲಸವಲ್ಲವೆಂದು ಮ್ಯಾಡಿಸನ್ನನು ಪ್ರತಿನಿಧಿ ಸಭೆಯಲ್ಲಿ ವಾದಿಸಿದನು. ತೆರಿಗೆಯು ಜೆಫರ್ಸನ್ನನ ಆಡಳಿತದಲ್ಲಿ, 1802ರಲ್ಲಿ, ರದ್ದಾಯಿತು.